ಹಳೆಯ ಸೈಕಲ್ಲಿಗೆ ಮರುಜೀವ: ಬಣ್ಣದ ಡಬ್ಬಿ ಕಡೆಗೆ ತೆರೆಯಿರಿ

ರಾಯಬಾಗ, ಚಿಕ್ಕೋಡಿ, ಅಥಣಿ ಸೀಮೆಯ ಹಳೆಯ ಮನೆಗಳಲ್ಲಿ ಕೊಟ್ಟಿಗೆಯ ಜಂತಿಗೆ ನೇತುಹಾಕಿದ್ದೋ, ಹಿತ್ತಲ ಗೋಡೆಗೆ ಒರಗಿಸಿದ್ದೋ ಒಂದು ಕರಿ ಸೈಕಲ್ಲು ಇನ್ನೂ ಸಿಗುತ್ತದೆ. ಅಜ್ಜ ಸಕ್ಕರೆ ಕಾರ್ಖಾನೆಯ ಪಾಳಿಗೆ ತುಳಿದುಕೊಂಡು ಹೋದದ್ದು, ಹಾಲಿನ ಕ್ಯಾನು ಹೊತ್ತದ್ದು, ಮದುವೆಯಲ್ಲಿ ಗಡಿಯಾರ, ರೇಡಿಯೋ ಜೊತೆ ಬಂದದ್ದು. ಮೊಮ್ಮಗನಿಗೆ ಒಂದು ದಿನ ಅದರ ಮೇಲೆ ಪ್ರೀತಿ ಹುಟ್ಟುತ್ತದೆ. ಪೇಟೆಗೆ ಹೋಗಿ ಅರ್ಧ ಲೀಟರ್ ಕಪ್ಪು ಆಯಿಲ್ ಪೇಂಟು, ಎರಡಿಂಚಿನ ಬ್ರಶ್ಶು ತರುತ್ತಾನೆ. ತುಕ್ಕು ಹಿಡಿದು ಹಾಳಾದ ಹಳೆಯ ಸೈಕಲ್ಲುಗಳಿಗಿಂತ ಈ ಪ್ರೀತಿಯಿಂದ ಹಾಳಾದವು ಹೆಚ್ಚಿದ್ದರೂ ಆಶ್ಚರ್ಯವಿಲ್ಲ. ತುಕ್ಕು ನಿಧಾನವಾಗಿ ತಿನ್ನುತ್ತದೆ. ಬ್ರಶ್ಶು ಒಂದೇ ಮಧ್ಯಾಹ್ನದಲ್ಲಿ ಕಂಪನಿಯ ಗುರುತು, ಚಿನ್ನದ ಗೆರೆ, ನಂಬರು ಎಲ್ಲವನ್ನೂ ಮುಚ್ಚಿಬಿಡುತ್ತದೆ.

ಹಳೆಯ ಸೈಕಲ್ಲನ್ನು ಮತ್ತೆ ರಸ್ತೆಗಿಳಿಸುವ ಕೆಲಸದಲ್ಲಿ ಮೂರು ಬಗೆಯಿದೆ. ಎಲ್ಲ ಬಿಚ್ಚಿ, ತೊಳೆದು, ಗ್ರೀಸು ಹಾಕಿ ಜೋಡಿಸುವುದು ಮೊದಲನೆಯದು. ನಮ್ಮ ಅಂಗಡಿಗಳಲ್ಲಿ ‘ಓವರಾಯ್ಲಿಂಗ್’ ಎನ್ನುವುದು ಇದಕ್ಕೇ. ಇರುವ ಬಣ್ಣವನ್ನೂ ನಿಕ್ಕಲ್ಲನ್ನೂ ಉಳಿಸಿಕೊಂಡು, ತುಕ್ಕು ಮುಂದುವರಿಯದಂತೆ ಮಾಡುವುದು ಎರಡನೆಯದು. ಬಣ್ಣ ಪೂರ್ತಿ ಕೆರೆದು ಕಾರ್ಖಾನೆಯಿಂದ ಬಂದ ದಿನದ ರೂಪಕ್ಕೆ ತರುವುದು ಮೂರನೆಯದು. ಮೊದಲನೆಯದು ಎಲ್ಲ ಸೈಕಲ್ಲಿಗೂ ಬೇಕು. ಎರಡನೆಯದು ಹೆಚ್ಚಿನವಕ್ಕೆ ಸಾಕು. ಮೂರನೆಯದು ಬೇರೆ ದಾರಿಯೇ ಇಲ್ಲದಾಗ ಮಾತ್ರ.

ಬೆಳಗಾವಿ ಸೀಮೆಗೆ ಸೈಕಲ್ಲು ಬಂದದ್ದು

ಎರಡು ಸಮನಾದ ಗಾಲಿ, ಹಿಂಗಾಲಿಗೆ ಚೈನು: ಈಗಿನ ಸೈಕಲ್ಲಿನ ಈ ಆಕಾರ ನೆಲೆಗೊಂಡದ್ದು 1885ರಲ್ಲಿ ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ ಜಾನ್ ಕೆಂಪ್ ಸ್ಟಾರ್ಲಿ ತಯಾರಿಸಿದ ‘ರೋವರ್’ನಿಂದ. ಜಾನ್ ಬಾಯ್ಡ್ ಡನ್‌ಲಪ್ ಗಾಳಿ ತುಂಬುವ ಟೈರಿಗೆ ಪೇಟೆಂಟ್ ಪಡೆದದ್ದು 1888ರಲ್ಲಿ. ಬೆಳಗಾವಿಯವರಿಗೆ ಆ ಇಸವಿ ಬೇರೆ ಕಾರಣಕ್ಕೂ ನೆನಪಿರಬೇಕು. ಇದೇ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ ಅಣ್ಣ ರಾಮಣ್ಣನವರ ಜೊತೆ ಸೇರಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ತೆರೆದದ್ದೂ 1888ರಲ್ಲೇ. ಮುಂಬಯಿಯ ವಿಕ್ಟೋರಿಯಾ ಜುಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಪಾಠ ಹೇಳುತ್ತಿದ್ದ ಮನುಷ್ಯ ಕಡೆಗೆ ನೆಚ್ಚಿಕೊಂಡದ್ದು ಈ ಅಂಗಡಿಯನ್ನು. ಅಲ್ಲಿಂದಲೇ ಮೇವು ಕತ್ತರಿಸುವ ಯಂತ್ರ, ಕಬ್ಬಿಣದ ನೇಗಿಲು, 1910ರಲ್ಲಿ ಮಿರಜಿನ ಆಚೆ ಪುಣೆ ರೈಲುದಾರಿಯ ಮೇಲೆ ಕಾರ್ಖಾನೆಯ ಊರು ಕಿರ್ಲೋಸ್ಕರವಾಡಿ. ಅಂಗಡಿ ಇದ್ದ ಬೀದಿ ಬೆಳಗಾವಿಯಲ್ಲಿ ಇಂದಿಗೂ ಕಿರ್ಲೋಸ್ಕರ ರೋಡ್. ಕರ್ನಾಟಕದ ಕೈಗಾರಿಕೆಯ ಇತಿಹಾಸ ಬರೆಯುವವರು ನೇಗಿಲಿನಿಂದ ಶುರುಮಾಡುತ್ತಾರೆ. ಸೈಕಲ್ಲಿನಿಂದ ಶುರುಮಾಡಿದರೆ ಹೆಚ್ಚು ಸರಿ.

ಸ್ವಾತಂತ್ರ್ಯ ಬರುವ ತನಕ ಈ ಭಾಗಕ್ಕೆ ಬಂದ ಒಳ್ಳೆಯ ಸೈಕಲ್ಲುಗಳೆಲ್ಲ ಹೆಚ್ಚುಕಡಿಮೆ ಇಂಗ್ಲೆಂಡಿನವು: ನಾಟಿಂಗ್‌ಹ್ಯಾಮಿನ ರ್‍ಯಾಲೆ, ಬರ್ಮಿಂಗ್‌ಹ್ಯಾಮಿನ ಹರ್ಕ್ಯುಲಿಸ್, ಬಿ.ಎಸ್.ಎ., ಫಿಲಿಪ್ಸ್, ಜೊತೆಗೆ ಹಂಬರ್, ರಡ್ಜ್. ಮುಂಬಯಿಯ ಹಿಂದ್ ಸೈಕಲ್ಸ್ ಎರಡನೇ ಮಹಾಯುದ್ಧದ ಹೊತ್ತಿಗೇ ದೇಶದಲ್ಲಿ ತಯಾರಿಕೆ ಆರಂಭಿಸಿತ್ತು. ಆಮೇಲೆ ಸಾಲುಸಾಲಾಗಿ ಬಂದವು. 1949ರಲ್ಲಿ ಮುರುಗಪ್ಪ ಮನೆತನ ಇಂಗ್ಲೆಂಡಿನ ಟ್ಯೂಬ್ ಇನ್ವೆಸ್ಟ್‌ಮೆಂಟ್ಸ್ ಜೊತೆ ಸೇರಿ ಮದ್ರಾಸಿನಲ್ಲಿ ಟಿ.ಐ. ಸೈಕಲ್ಸ್ ಹುಟ್ಟುಹಾಕಿತು. 1951ರಲ್ಲಿ ಸೋನಿಪತ್‌ನಲ್ಲಿ ಅಟ್ಲಾಸ್ ಬಂತು. ಅದೇ ದಶಕದಲ್ಲಿ ಬಂಗಾಳದ ಆಸನ್‌ಸೋಲ್‌ನಲ್ಲಿ ಸೇನ್-ರ್‍ಯಾಲೆ ನಡೆಯಿತು. 1956ರಲ್ಲಿ ಲುಧಿಯಾನದ ಹೀರೋ. ನಿಮ್ಮ ಕೊಟ್ಟಿಗೆಯ ಸೈಕಲ್ಲು ಇವುಗಳಲ್ಲೊಂದಾಗಿರುವ ಸಂಭವವೇ ಹೆಚ್ಚು. ಅದರಲ್ಲಿ ಬೇಸರಪಡುವಂಥದ್ದೇನೂ ಇಲ್ಲ. 1950–60ರ ದಶಕದ ದೇಶಿ ಸೈಕಲ್ಲಿನ ಉಕ್ಕು, ಬೆಸುಗೆ ಎರಡೂ ಗಟ್ಟಿ.

ರಾಯಬಾಗ 1949ರ ತನಕ ಕೊಲ್ಹಾಪುರ ಸಂಸ್ಥಾನದ್ದು. ಇಂದಿಗೂ ಇಲ್ಲಿನವರು ಯಂತ್ರದ ಕೆಲಸಕ್ಕೆ ಬೆಳಗಾವಿಯ ಉದ್ಯಮಬಾಗಕ್ಕೆ ಹೋಗುವಷ್ಟೇ ಸಲೀಸಾಗಿ ಕೊಲ್ಹಾಪುರದ ಉದ್ಯಮನಗರಕ್ಕೂ ಹೋಗುತ್ತಾರೆ. ಲೇಥು, ನಿಕ್ಕಲ್ ಕೋಟಿಂಗು, ಪೌಡರ್ ಕೋಟಿಂಗು ಎರಡೂ ಕಡೆ ಸಿಗುವುದರಿಂದ ಹಳೆಯ ಸೈಕಲ್ಲಿನ ಹವ್ಯಾಸಿಗೆ ಇದು ಅನುಕೂಲದ ಊರು.

ಮೊದಲು ಗುರುತು ಹಿಡಿಯಿರಿ

ಎಷ್ಟೋ ಸಲ ಸೈಕಲ್ಲಿನ ಮೇಲೆ ಎರಡು-ಮೂರು ಪದರ ಆಯಿಲ್ ಪೇಂಟು ಆಗಲೇ ಇರುತ್ತದೆ. ಹೆಸರು ಕಾಣುವುದಿಲ್ಲ. ಆಗ ನೋಡಬೇಕಾದ ಜಾಗಗಳು ಬೇರೆ. ಪೆಡಲಿನ ದೊಡ್ಡ ಚಕ್ರದ ಕೆತ್ತನೆ ಎಲ್ಲಕ್ಕಿಂತ ನಂಬಿಕೆಯದು. ಅದರಲ್ಲಿ ಕೊಕ್ಕರೆಯ ತಲೆಗಳಿದ್ದರೆ ರ್‍ಯಾಲೆ, ಕೈಹಿಡಿದು ಓಡುವಂಥ ಪುಟ್ಟ ಮನುಷ್ಯರಿದ್ದರೆ ಹಂಬರ್, ಅಂಗೈ ಇದ್ದರೆ ರಡ್ಜ್, ಬಿ.ಎಸ್.ಎ. ತನ್ನ ಮೂರು ಅಕ್ಷರವನ್ನೇ ಕೊರೆದುಕೊಂಡಿರುತ್ತದೆ. ಬಿ.ಎಸ್.ಎ. ಮೂಲತಃ ಬಂದೂಕಿನ ಕಂಪನಿ, ಹಾಗಾಗಿ ಅದರ ಲಾಂಛನ ಒಂದಕ್ಕೊಂದು ಒರಗಿಸಿ ನಿಲ್ಲಿಸಿದ ಮೂರು ಬಂದೂಕು. ಹಂಬರಿಗೆ ಇನ್ನೊಂದು ಗುರುತೂ ಇದೆ: ಮುಂದಿನ ಫೋರ್ಕಿನ ಒಂದೊಂದು ಬದಿಗೂ ಎರಡೆರಡು ಕೊಳವೆ. ಇದನ್ನು ದೂರದಿಂದಲೇ ಹೇಳಬಹುದು.

ಫ್ರೇಮಿನ ನಂಬರು ಸಾಮಾನ್ಯವಾಗಿ ಸೀಟಿನ ಕೆಳಗಿನ ಜೋಡಣೆಯ ಮೇಲೆ ಇಲ್ಲವೇ ಪೆಡಲಿನ ಅಚ್ಚು ಕೂರುವ ಗೂಡಿನ ಅಡಿಯಲ್ಲಿ ಒತ್ತಿರುತ್ತದೆ. ಅಲ್ಲಿ ಮಾತ್ರ ಥಿನ್ನರ್ ಅದ್ದಿದ ಅರಿವೆಯಿಂದ ಮೆಲ್ಲಗೆ ಒರೆಸಿ ಓದಿಕೊಳ್ಳಿ; ಒರೆಸುವ ಮೊದಲೂ ಆಮೇಲೂ ಒಂದೊಂದು ಫೋಟೋ ತೆಗೆದಿಡಿ. ಹಿಂಗಾಲಿನಲ್ಲಿ ಸ್ಟರ್ಮಿ-ಆರ್ಚರ್ ಮೂರು ಗೇರಿನ ಹಬ್ಬು ಇದ್ದರೆ ಅದೃಷ್ಟ. ಯುದ್ಧಾನಂತರದ ಹಬ್ಬುಗಳ ಮೈಮೇಲೆ ತಯಾರಾದ ಇಸವಿಯ ಕಡೆಯ ಎರಡು ಅಂಕೆಯನ್ನೂ ತಿಂಗಳನ್ನೂ ಒತ್ತಿರುತ್ತಾರೆ. ಆದರೆ ಗಾಲಿ ಬದಲಾಯಿಸುವುದು ನಮ್ಮಲ್ಲಿ ಮಾಮೂಲು, ಆದ್ದರಿಂದ ಹಬ್ಬಿನ ವಯಸ್ಸೇ ಸೈಕಲ್ಲಿನ ವಯಸ್ಸೆಂದು ಹೇಳಲು ಬರುವುದಿಲ್ಲ.

ಗಾಲಿಯ ಅಳತೆಯನ್ನೂ ಈಗಲೇ ಬರೆದುಕೊಳ್ಳಿ. ಊರಿನ ದೊಡ್ಡ ಸೈಕಲ್ಲಿನದು 28 × 1½ ಇಂಚು. ಟೈರಿನ ತಂತಿ ಕೂರುವ ಜಾಗದ ವ್ಯಾಸ 635 ಮಿ.ಮೀ. ಈಗಿನ ಗೇರ್ ಸೈಕಲ್ಲಿನ ಕೆಲವು ಟೈರುಗಳ ಮೇಲೂ ‘28’ ಎಂದೇ ಬರೆದಿರುತ್ತದೆ, ಆದರೆ ಅವುಗಳ ವ್ಯಾಸ 622. ಎಷ್ಟು ಎಳೆದರೂ ಅದು ಕೂರುವುದಿಲ್ಲ.

ಬಣ್ಣ ಬೇಕೋ ಬೇಡವೋ

ಹಳೆಯ ಕಂಪನಿ ಬಣ್ಣ ಈಗಿನ ಡಬ್ಬಿಯ ಬಣ್ಣದಂಥದ್ದಲ್ಲ. ಫ್ರೇಮನ್ನು ಕಪ್ಪು ಎನಾಮಲ್ಲಿನಲ್ಲಿ ಅದ್ದಿ, ಒಲೆಯಲ್ಲಿ ಬೇಯಿಸಿ, ಮತ್ತೆ ಅದ್ದಿ ಬೇಯಿಸುತ್ತಿದ್ದರು. ಅದರ ಮೇಲೆ ನುರಿತ ಕೈ ಉದ್ದ ಕೂದಲಿನ ಬ್ರಶ್ಶಿನಿಂದ ಚಿನ್ನದ ಗೆರೆ ಎಳೆಯುತ್ತಿತ್ತು. ಎಪ್ಪತ್ತು ವರ್ಷದ ಮೇಲೂ ಅದು ಮಾಸಿರುತ್ತದೆಯೇ ಹೊರತು ಸುಲಿದಿರುವುದಿಲ್ಲ. ಅಂಥ ಬಣ್ಣ ಅರ್ಧಕ್ಕಿಂತ ಹೆಚ್ಚು ಉಳಿದಿದ್ದರೆ ಅದನ್ನು ಕೆರೆಯುವುದು ತಪ್ಪು ಎಂದೇ ನನ್ನ ಅಭಿಪ್ರಾಯ. ಸಂಗ್ರಾಹಕರೂ ಹೆಚ್ಚು ಬೆಲೆ ಕೊಡುವುದು ಮೂಲ ಬಣ್ಣದ ಸೈಕಲ್ಲಿಗೇ.

ಉಳಿಸಿಕೊಳ್ಳುವ ವಿಧಾನ ಸರಳ. ಬಕೆಟ್ ನೀರಿಗೆ ಸ್ವಲ್ಪ ಪಾತ್ರೆ ತೊಳೆಯುವ ಸೋಪು, ಮೆದು ಅರಿವೆ. ಜಿಡ್ಡು ಹೋಗದ ಕಡೆ ಚಿಮಣಿ ಎಣ್ಣೆ. ಆದರೆ ಹೆಸರಿನ ಸ್ಟಿಕರಿನ ಹತ್ತಿರ ಚಿಮಣಿ ಎಣ್ಣೆಯೂ ಥಿನ್ನರೂ ಹೋಗಬಾರದು. ಹಳೆಯ ವಾರ್ನಿಶ್ ಕರಗಿ ಅಕ್ಷರ ಅರಿವೆಗೆ ಅಂಟಿಕೊಂಡು ಬಂದುಬಿಡುತ್ತದೆ. ಒಣಗಿದ ಮೇಲೆ ಕಾರುಗಳಿಗೆ ಬಳಸುವ ನಯವಾದ ರಬ್ಬಿಂಗ್ ಕಾಂಪೌಂಡನ್ನು ಬೆರಳಿನಷ್ಟು ಜಾಗಕ್ಕೆ ಹಚ್ಚಿ ನೋಡಿ. ಬೂದುಬಣ್ಣದ ಕೆಳಗಿನಿಂದ ಕಪ್ಪು ಹೊಳೆದರೆ ಮುಂದುವರಿಯಿರಿ. ಬಣ್ಣ ಹೋಗಿ ಕಬ್ಬಿಣ ಕಂಡ ಕಡೆ ತೆಳ್ಳಗೆ ಅಗಸೆ ಎಣ್ಣೆ ಒರೆಸಿ ಒಂದೆರಡು ದಿನ ಬಿಟ್ಟರೆ ಅದು ಗಾಳಿಗೆ ಗಟ್ಟಿಯಾಗಿ ಪದರ ಕಟ್ಟುತ್ತದೆ. ಒಂದು ಎಚ್ಚರ: ಅಗಸೆ ಎಣ್ಣೆಯ ಅರಿವೆಯನ್ನು ಮುದ್ದೆ ಮಾಡಿ ಮೂಲೆಗೆಸೆಯಬೇಡಿ. ಒಣಗುವಾಗ ಹುಟ್ಟುವ ಶಾಖಕ್ಕೆ ಅದು ತಾನಾಗಿ ಹೊತ್ತಿಕೊಳ್ಳಬಲ್ಲದು. ಹೊರಗೆ ಹಂಚಿನ ಮೇಲೆ ಹರವಿ ಒಣಗಿಸಿ, ಇಲ್ಲವೇ ನೀರಲ್ಲಿ ಅದ್ದಿಡಿ.

ಪೂರ್ತಿ ಬಣ್ಣ ಯಾವಾಗ ಬೇಕು? ಮೂಲ ಬಣ್ಣ ಹೋಗಿ ಮೇಲಿನ ಪದರಗಳೂ ಹಕ್ಕಳೆಯಾಗಿ ಏಳುತ್ತಿದ್ದಾಗ, ಫ್ರೇಮು ಬೆಸುಗೆ ಹಾಕಿಸಿಕೊಂಡಿದ್ದಾಗ, ಇಲ್ಲವೇ ಹೊಳೆನೀರಿನಲ್ಲಿ ಮುಳುಗಿದ್ದಾಗ. ಈ ಕೊನೆಯದು ನಮ್ಮ ಕಡೆ ಅಪರೂಪವಲ್ಲ. 2005, 2019, 2021ರಲ್ಲಿ ಕೃಷ್ಣೆ, ದೂಧಗಂಗೆ, ವೇದಗಂಗೆ ಉಕ್ಕಿದಾಗ ನದಿದಂಡೆಯ ಊರುಗಳಲ್ಲಿ ಮನೆಸಾಮಾನಿನ ಜೊತೆ ಸೈಕಲ್ಲುಗಳೂ ದಿನಗಟ್ಟಲೆ ನೀರಲ್ಲಿದ್ದವು. ಹೊರಗೆ ತೊಳೆದರೆ ಚೆನ್ನಾಗಿಯೇ ಕಾಣುತ್ತವೆ. ನೆರೆಯ ಸಣ್ಣ ಮಣ್ಣು ಮಾತ್ರ ಫ್ರೇಮಿನ ಕೊಳವೆಯೊಳಗೆ ಇಳಿದು, ಪೆಡಲಿನ ಗೂಡಿನಲ್ಲಿ ಕೆಸರಾಗಿ ಕೂತು, ತೇವ ಹಿಡಿದುಕೊಂಡು ಒಳಗಿನಿಂದ ತಿನ್ನುತ್ತದೆ. ಗೂಡಿನ ಅಡಿಯನ್ನೂ ಸೀಟಿನ ಕೊಳವೆಯ ಕೆಳತುದಿಯನ್ನೂ ಸಣ್ಣ ಸುತ್ತಿಗೆಯಿಂದ ಬಡಿದು ಕೇಳಿ. ಠಣ್ ಎಂದರೆ ಸರಿ. ಮೊದ್ದು ಸದ್ದು ಬಂದರೆ ಸ್ಕ್ರೂಡ್ರೈವರಿನ ಮೊನೆಯಿಂದ ಒತ್ತಿ ನೋಡಿ. ಮೊನೆ ಒಳಗಿಳಿದರೆ ಆ ಫ್ರೇಮಿನ ಮೇಲೆ ಕೂತು ಓಡಾಡಬಾರದು.

ಬಿಚ್ಚುವುದು

ಬಿಚ್ಚುವ ಕೆಲಸಕ್ಕೆ ಬೇಕಾದ್ದು ಪಾನಾ, ಸುತ್ತಿಗೆ, ಎಣ್ಣೆ, ಇವೆಲ್ಲಕ್ಕಿಂತ ಹೆಚ್ಚಾಗಿ ತಾಳ್ಮೆ. ಎಲ್ಲ ನಟ್ಟುಗಳಿಗೂ ಹಿಂದಿನ ರಾತ್ರಿಯೇ ಡೀಸೆಲ್ಲಿಗೆ ಸ್ವಲ್ಪ ಇಂಜಿನ್ ಆಯಿಲ್ ಬೆರೆಸಿ ಬಿಟ್ಟಿರಿ. ತೆಗೆದ ಸಾಮಾನನ್ನು ತೆಗೆದ ಕ್ರಮದಲ್ಲೇ ಹಳೆಯ ಪತ್ರಿಕೆಯ ಮೇಲೆ ಸಾಲಾಗಿ ಇಟ್ಟು ಫೋಟೋ ತೆಗೆದುಕೊಂಡರೆ ಜೋಡಿಸುವಾಗ ‘ಈ ವಾಶರ್ ಎಲ್ಲಿಯದಪ್ಪಾ’ ಎಂದು ತಲೆ ಕೆರೆದುಕೊಳ್ಳಬೇಕಿಲ್ಲ. ರಾಡಿನ ಬ್ರೇಕಿನಲ್ಲಿ ಇಂಥ ಚಿಲ್ಲರೆ ಸಾಮಾನು ಬಹಳ.

ಎಡಗಡೆಯ ಪೆಡಲಿಗೆ ಉಲ್ಟಾ ಸುತ್ತು ಇರುತ್ತದೆ. ನೆನಪಿಡುವ ಉಪಾಯ: ಪಾನಾ ಮೇಲ್ಮುಖವಾಗಿ ಹಿಡಿದು ಹಿಂಗಾಲಿನ ಕಡೆಗೆ ಎಳೆದರೆ ಎರಡೂ ಪೆಡಲು ಸಡಿಲವಾಗುತ್ತವೆ. ಚೈನಿನ ಬದಿಯ ಬೇರಿಂಗ್ ಕಪ್ಪಿಗೂ ಉಲ್ಟಾ ಸುತ್ತೇ; ಅದು ಸವೆದಿಲ್ಲದಿದ್ದರೆ ಮುಟ್ಟಲೇಬೇಡಿ, ಒಳಗೇ ಒರೆಸಿ. ರ್‍ಯಾಲೆ ತನ್ನ ಗೂಡಿಗೆ ಇಂಚಿಗೆ 26 ಸುತ್ತಿನ ಥ್ರೆಡ್ ಹಾಕಿತು. ಉಳಿದ ಬ್ರಿಟಿಷ್ ಸೈಕಲ್ಲುಗಳದ್ದು 24. ಅಂಗಡಿಯವರು ‘ಕೂರ್‍ತದ ತಗೋರಿ’ ಎಂದು ಮಾಮೂಲು ಕಪ್ಪನ್ನು ಒತ್ತಿ ತಿರುಗಿಸಿದರೆ ಒಳ್ಳೆಯ ಫ್ರೇಮಿನ ಥ್ರೆಡ್ ಅಲ್ಲಿಗೇ ಮುಗಿಯಿತು.

ಎಲ್ಲಕ್ಕಿಂತ ಹೆಚ್ಚು ಸಾಮಾನು ಹಾಳಾಗುವುದು ಕಾಟರ್ ಪಿನ್ ತೆಗೆಯುವಾಗ. ಪೆಡಲಿನ ಕ್ರ್ಯಾಂಕನ್ನು ಅಚ್ಚಿಗೆ ಬಿಗಿಹಿಡಿಯುವ, ಒಂದು ಬದಿ ಓರೆಯಾಗಿ ಚಪ್ಪಟೆಯಾದ, ಕಿರುಬೆರಳಿನಷ್ಟು ಉದ್ದದ ಗೂಟ ಅದು, ದಪ್ಪ 9.5 ಮಿ.ಮೀ. ಅದರ ನಟ್ಟನ್ನು ಪೂರ್ತಿ ತೆಗೆಯದೆ, ಪಿನ್ನಿನ ತುದಿಗೆ ಸಮವಾಗುವಷ್ಟು ಮಾತ್ರ ಸಡಿಲಿಸಿ. ಆಗ ಪೆಟ್ಟು ನಟ್ಟಿನ ಮೇಲೂ ಹಂಚಿಕೊಂಡು ಬೀಳುತ್ತದೆ, ಥ್ರೆಡ್ ಉಳಿಯುತ್ತದೆ. ಕ್ರ್ಯಾಂಕಿನ ಅಡಿಗೆ, ಪಿನ್ನಿನ ತಲೆ ಒಳಗೆ ಇಳಿಯುವಷ್ಟು ಅಗಲದ ಕಬ್ಬಿಣದ ಪೈಪಿನ ತುಂಡನ್ನು ನೆಲದಿಂದ ಆನಿಸಿ ನಿಲ್ಲಿಸಿ. ಆಸರೆ ಇಲ್ಲದೆ ಹೊಡೆದರೆ ಪೆಟ್ಟೆಲ್ಲ ಬೇರಿಂಗಿನ ಕಪ್ಪಿಗೆ ಹೋಗಿ ಗುಂಡುಗಳ ಅಚ್ಚು ಅದರಲ್ಲಿ ಮೂಡುತ್ತದೆ. ಆಮೇಲೆ ಭಾರದ ಸುತ್ತಿಗೆಯಿಂದ ಒಂದು, ಹೆಚ್ಚೆಂದರೆ ಎರಡು ಗಟ್ಟಿ ಪೆಟ್ಟು. ಹೆದರಿ ಹೆದರಿ ಇಪ್ಪತ್ತು ಸಣ್ಣ ಪೆಟ್ಟು ಹಾಕಿದರೆ ಪಿನ್ನಿನ ತುದಿ ಅಣಬೆಯಾಗಿ ಅರಳಿ, ಡ್ರಿಲ್ಲಿಂಗ್ ಮಷಿನ್ನಿನವರೆಗೆ ಕೆಲಸ ಬೆಳೆಯುತ್ತದೆ. ಹೊಸ ಪಿನ್ನು ಚಿಲ್ಲರೆ ಕಾಸಿಗೆ ಸಿಗುತ್ತದೆ. ಹಳೆಯ ಅಚ್ಚು ಸಿಗುವುದಿಲ್ಲ. ಮರಳಿ ಹಾಕುವಾಗ ಎರಡೂ ಬದಿಯ ಪಿನ್ನುಗಳು ಒಂದಕ್ಕೊಂದು ವಿರುದ್ಧ ದಿಕ್ಕಿಗೆ ಕೂರಬೇಕು. ಇಲ್ಲವಾದರೆ ಎರಡು ಪೆಡಲು ಒಂದೇ ಗೆರೆಯಲ್ಲಿ ಇರುವುದಿಲ್ಲ, ತುಳಿದಾಗಲೆಲ್ಲ ಕಾಲಿಗೆ ಕುಂಟು ಗೊತ್ತಾಗುತ್ತದೆ. ನಾಲ್ಕಾರು ಮೈಲಿ ಓಡಿಸಿದ ಮೇಲೆ ನಟ್ಟನ್ನು ಇನ್ನೊಮ್ಮೆ ಬಿಗಿಯಬೇಕು.

ತುಕ್ಕಿಗೆ ಕಾಕಂಬಿ

ತುಕ್ಕು ತೆಗೆಯಲು ಜನ ಮೊದಲು ನೆನೆಯುವುದು ಬಚ್ಚಲು ತೊಳೆಯುವ ಆ್ಯಸಿಡ್. ಅದು ತುಕ್ಕನ್ನೂ ತಿನ್ನುತ್ತದೆ, ಕಬ್ಬಿಣವನ್ನೂ ತಿನ್ನುತ್ತದೆ. ಸೀಟಿನ ಸ್ಪ್ರಿಂಗು ಪೆಳಸಾಗಿ ಮುರಿಯುತ್ತದೆ. ಅದರ ಹೊಗೆಗೆ ಕೋಣೆಯಲ್ಲಿದ್ದ ಬೇರೆ ಸಲಕರಣೆಗಳೂ ತುಕ್ಕು ಹಿಡಿಯುತ್ತವೆ. ಕಬ್ಬಿನ ಸೀಮೆಯವರಿಗೆ ಇದಕ್ಕಿಂತ ಒಳ್ಳೆಯ ಮದ್ದು ಕೈಯಳತೆಯಲ್ಲೇ ಇದೆ. ಜಗತ್ತಿನ ಹಲವು ಕಡೆ ಹಳೆಯ ವಾಹನಗಳ ಹವ್ಯಾಸಿಗಳು ತುಕ್ಕು ಬಿಡಿಸಲು ಬಳಸುವುದು ಕಾಕಂಬಿಯನ್ನು, ಅಂದರೆ ಸಕ್ಕರೆ ಹರಳುಗಟ್ಟಿದ ಮೇಲೆ ಉಳಿಯುವ ಕಪ್ಪು ಪಾಕವನ್ನು. ಉಗಾರದಲ್ಲಿ 1939ರಿಂದ ಸಕ್ಕರೆ ಕಾರ್ಖಾನೆ ಇದೆ. ಆಮೇಲೆ ಚಿಕ್ಕೋಡಿ, ಅಥಣಿ, ರಾಯಬಾಗದ ಸುತ್ತ ಬಂದ ಕಾರ್ಖಾನೆಗಳು ಹಲವು. ಮದ್ಯಸಾರದ ಮೂಲವಸ್ತುವಾದ್ದರಿಂದ ಕಾಕಂಬಿಯ ಸಂಗ್ರಹ, ಸಾಗಣೆಯ ಮೇಲೆ ಅಬಕಾರಿ ಇಲಾಖೆಯ ಹಿಡಿತವಿದೆ, ಕಾರ್ಖಾನೆಯ ಗೇಟಿಗೆ ಕೊಡ ಹಿಡಿದು ಹೋಗುವಂತಿಲ್ಲ. ಪಶು ಆಹಾರಕ್ಕೆಂದು ಮಾರುವ ಕಾಕಂಬಿ ಸಾಕು.

ಒಂದು ಪಾಲು ಕಾಕಂಬಿಗೆ ಒಂಬತ್ತು ಪಾಲು ನೀರು. ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಕಲಸಿ, ಜಿಡ್ಡು ತೊಳೆದ ಸಾಮಾನನ್ನು ಮುಳುಗಿಸಿ ಒಂದರಿಂದ ಎರಡು ವಾರ ಬಿಡಬೇಕು. ಅದರಲ್ಲಿನ ಅಂಶಗಳು ತುಕ್ಕಿನ ಕಬ್ಬಿಣವನ್ನು ಹಿಡಿದು ನೀರಿಗೆ ಎಳೆದುಕೊಳ್ಳುತ್ತವೆ, ಗಟ್ಟಿ ಕಬ್ಬಿಣದ ತಂಟೆಗೆ ಹೋಗುವುದು ಬಹಳ ಕಡಿಮೆ. ಹುಳಿಯುತ್ತದೆ, ನಾರುತ್ತದೆ, ನೊಣ ಮುತ್ತುತ್ತವೆ. ಆದ್ದರಿಂದ ಡ್ರಮ್ಮು ಮನೆಯಿಂದ ದೂರ ಇರಲಿ, ಮುಚ್ಚಳ ಸಡಿಲವಾಗಿರಲಿ. ಹೊರತೆಗೆದ ಸಾಮಾನಿನ ಮೇಲಿನ ಕಪ್ಪು ಲೋಳೆಯನ್ನು ತೆಂಗಿನ ನಾರಿನಿಂದ ಉಜ್ಜಿ ತೊಳೆದರೆ ಬೂದುಬಣ್ಣದ ಉಕ್ಕು ಕಾಣುತ್ತದೆ. ಅದು ಗಂಟೆಯೊಳಗೇ ಮತ್ತೆ ಕೆಂಪಾಗತೊಡಗುತ್ತದೆ. ಬಿಸಿಲಲ್ಲಿ ಒಣಗಿಸಿ ಕೂಡಲೇ ಎಣ್ಣೆಯೋ ಪ್ರೈಮರೋ ಹಚ್ಚಬೇಕು. ನಟ್ಟು, ಬೋಲ್ಟು, ಸ್ಟ್ಯಾಂಡು, ಕ್ಯಾರಿಯರ್ರಿಗೆ ಇದು ಚೆನ್ನ. ಇಡೀ ಫ್ರೇಮನ್ನು ಮುಳುಗಿಸಬೇಡಿ, ಕೊಳವೆಯೊಳಗಿನ ಪಾಕ ತೊಳೆದು ಒಣಗಿಸುವುದು ಆಗದ ಮಾತು. ಅಲ್ಯುಮಿನಿಯಂ ಸಾಮಾನಂತೂ ಅದರ ಹತ್ತಿರ ಸುಳಿಯಬಾರದು, ತಿಂದುಹಾಕುತ್ತದೆ.

ನಿಕ್ಕಲ್ ಹೊಳಪಿನ ಹ್ಯಾಂಡಲ್, ರಿಮ್ಮಿಗೆ ಅಡುಗೆಮನೆಯ ಅಲ್ಯುಮಿನಿಯಂ ಫಾಯಿಲನ್ನು ಮುದುರಿ ನೀರಲ್ಲಿ ಅದ್ದಿ ಉಜ್ಜಿದರೆ ಸಾಕು; ಚುಕ್ಕೆಚುಕ್ಕೆ ತುಕ್ಕು ಹೋಗುತ್ತದೆ. ಹೊಸದಾಗಿ ಕ್ರೋಮ್ ಹಾಕಿಸುವುದಾದರೆ ಹೊಳಪಿನ ಗುಟ್ಟು ಕೆಳಗಿನ ಪಾಲಿಶ್ ಮತ್ತು ನಿಕ್ಕಲ್ ಪದರದಲ್ಲಿದೆ. ಕ್ರೋಮ್ ಕೂದಲೆಳೆಗಿಂತ ತೆಳು. ಅಗ್ಗದಲ್ಲಿ ಮಾಡಿಸಿದ್ದು ಎರಡು ಮಳೆಗಾಲ ತಡೆಯುವುದಿಲ್ಲ.

ಬಣ್ಣ ಹೊಡೆಯುವುದಾದರೆ

ಹಳೆಯ ಬಣ್ಣದಲ್ಲಿ ಸೀಸ ಇರುತ್ತದೆಂದೇ ತಿಳಿದು ನಡೆಯಿರಿ. ಭಾರತದಲ್ಲಿ ಮನೆಬಳಕೆಯ ಬಣ್ಣಕ್ಕೆ ಸೀಸದ ಮಿತಿಯನ್ನು ಹತ್ತು ಲಕ್ಷದಲ್ಲಿ 90 ಭಾಗಕ್ಕೆ ಇಳಿಸಿದ ನಿಯಮ ಬಂದದ್ದೇ 2016ರಲ್ಲಿ. ಒಣ ಕಾಗದದಿಂದ ಉಜ್ಜಿದರೆ ಆ ಸೀಸ ಧೂಳಾಗಿ ಮೂಗಿಗೂ, ಅಂಗಳದಲ್ಲಿ ಆಡುವ ಮಕ್ಕಳ ಕೈಗೂ ಸೇರುತ್ತದೆ. ವಾಟರ್ ಪೇಪರನ್ನು ನೀರಲ್ಲಿ ಅದ್ದಿ ಉಜ್ಜಿ, ಕೆಸರನ್ನು ಪತ್ರಿಕೆಯಲ್ಲಿ ಒರೆಸಿ ತೆಗೆಯಿರಿ. ಮರಳು ಊದಿಸಿ ಬಣ್ಣ ಬಿಡಿಸುವವರೂ ಇದ್ದಾರೆ. ಕೆಲಸ ಬೇಗ ಆಗುತ್ತದೆ ನಿಜ, ಆದರೆ ಒತ್ತಡ ಹೆಚ್ಚಾದರೆ ಫ್ರೇಮಿನ ನಂಬರೂ ಜೋಡಣೆಗಳ ಚೂಪು ಅಂಚೂ ಅಳಿಸಿಹೋಗುತ್ತವೆ. ನಂಬರಿನ ಮೇಲೆ ದಪ್ಪ ಟೇಪು ಅಂಟಿಸಿಯೇ ಕೊಡಿ.

ಪೌಡರ್ ಕೋಟಿಂಗ್ ಈಗ ಎಲ್ಲರ ಬಾಯಲ್ಲಿದೆ. ವಿದ್ಯುತ್ತಿನ ಸೆಳೆತದಿಂದ ಪುಡಿಯನ್ನು ಅಂಟಿಸಿ ಸುಮಾರು 180–200 ಡಿಗ್ರಿಯಲ್ಲಿ ಬೇಯಿಸುತ್ತಾರೆ. ಫ್ರೇಮಿನ ಹಿತ್ತಾಳೆ ಬೆಸುಗೆ ಕರಗಲು ಇದರ ನಾಲ್ಕು ಪಟ್ಟು ಶಾಖ ಬೇಕು, ಹಾಗಾಗಿ ಅಪಾಯವಿಲ್ಲ. ಗಟ್ಟಿತನದಲ್ಲಿ ಇದಕ್ಕೆ ಸಾಟಿಯಿಲ್ಲ. ದಿನವೂ ಗದ್ದೆಗೆ ಒಯ್ಯುವ ಸೈಕಲ್ಲಿಗೆ ಇದೇ ಸರಿ. ಅಜ್ಜನ ರ್‍ಯಾಲೆಗೆ ಮಾತ್ರ ಬೇಡವೆನ್ನುತ್ತೇನೆ: ಪದರ ದಪ್ಪ, ಜೋಡಣೆಯ ನಾಜೂಕು ಅಂಚುಗಳು ಅದರಡಿ ಮುಳುಗಿ ಫ್ರೇಮು ಪ್ಲಾಸ್ಟಿಕ್ಕಿನದರಂತೆ ಕಾಣುತ್ತದೆ.

ಉಳಿದದ್ದು ಸ್ಪ್ರೇ. ಕಾರು, ಟ್ರ್ಯಾಕ್ಟರಿಗೆ ಬಣ್ಣ ಹೊಡೆಯುವ ಯಾವ ಗ್ಯಾರೇಜಿನಲ್ಲೂ ಆಗುತ್ತದೆ. ಹೆಡ್ಡಿನ ಕಪ್ಪು, ಪೆಡಲಿನ ಗೂಡಿನ ಥ್ರೆಡ್, ಗಾಲಿ ಕೂರುವ ಸೀಳು ಇಷ್ಟನ್ನೂ ಟೇಪಿನಿಂದ ಮುಚ್ಚಿ, ಹೆಡ್ಡಿನ ಕೊಳವೆಯೊಳಗೆ ತಂತಿ ತೂರಿಸಿ ಫ್ರೇಮನ್ನು ನೇತುಹಾಕುತ್ತಾರೆ. ಥಿನ್ನರಿನಿಂದ ಒರೆಸಿದ ಮೇಲೆ ಬರಿಗೈ ತಾಗಿಸಬಾರದು. ಬೆರಳಿನ ಜಿಡ್ಡಿದ್ದ ಕಡೆ ಮುಂದೆ ಬಣ್ಣ ಗುಳ್ಳೆ ಏಳುತ್ತದೆ. ಎಪಾಕ್ಸಿ ಪ್ರೈಮರ್, ಬೇಕಾದ ಕಡೆ ಮಾತ್ರ ಪುಟ್ಟಿ, 400 ನಂಬರಿನ ವಾಟರ್ ಪೇಪರ್, ಆಮೇಲೆ ಕಪ್ಪು ಎರಡು-ಮೂರು ತೆಳು ಕೈ. ಗ್ಯಾರೇಜಿನವರು ಪುಟ್ಟಿ ಹೆಚ್ಚು ಬಳಿಯುತ್ತಾರೆ, ತುಕ್ಕಿನ ಪ್ರತಿ ಕುಳಿಯನ್ನೂ ತುಂಬುತ್ತಾರೆ. ಸೈಕಲ್ಲಿನ ತೆಳು ಕೊಳವೆ ತುಳಿದಾಗ ಬಾಗುವುದರಿಂದ ದಪ್ಪ ಪುಟ್ಟಿ ಸೀಳುತ್ತದೆ. ಕುಳಿ ಇದ್ದರೆ ಇರಲಿ ಎಂದು ಮೊದಲೇ ಹೇಳಿಬಿಡಿ. ಎರಡು ಡಬ್ಬಿ ಬೆರೆಸುವ ಪಿ.ಯು. ಬಣ್ಣ ಬಳಸುವುದಾದರೆ ಮೂಗಿಗೆ ಕರವಸ್ತ್ರ ಕಟ್ಟಿದರೆ ಸಾಲದು; ಅದರ ಗಟ್ಟಿಕಾರಕದಲ್ಲಿ ಐಸೋಸೈನೇಟ್ ಇದೆ, ಶ್ವಾಸಕೋಶಕ್ಕೆ ಕೆಡುಕು, ಸರಿಯಾದ ಮುಖಕವಚ ಬೇಕೇಬೇಕು.

ಹೊತ್ತೂ ನೋಡಬೇಕು. ಮಳೆಗಾಲದ ತೇವಕ್ಕೆ ಎನ್.ಸಿ. (ನೈಟ್ರೋಸೆಲ್ಯುಲೋಸ್) ಬಣ್ಣ ಬಿಳಿಚಿಕೊಳ್ಳುತ್ತದೆ. ಕಬ್ಬು ಕಡಿಯುವ ಕಾಲದಲ್ಲಿ ಬೇರೆಯದೇ ಕಾಟ: ಹೊಲದಲ್ಲಿ ರವದಿಗೆ ಬೆಂಕಿ ಹಾಕಿದ ಸಂಜೆ ಕರಿ ಕಸ ಗಾಳಿಯಲ್ಲಿ ತೇಲಿ ಬಂದು ಹಸಿ ಬಣ್ಣದ ಮೇಲೆ ಕೂರುತ್ತದೆ, ಉಫ್ ಎಂದು ಊದಿದರೆ ಇನ್ನೂ ಹರಡುತ್ತದೆ. ನೆಲಕ್ಕೆ ನೀರು ಚಿಮುಕಿಸಿದ ಮುಚ್ಚಿದ ಕೋಣೆಯಲ್ಲಿ, ಗಾಳಿ ಏಳುವ ಮೊದಲು ಬೆಳಗ್ಗೆ ಹೊಡೆಯುವುದು ವಾಸಿ.

ಚಿನ್ನದ ಗೆರೆಯ ವಿಷಯದಲ್ಲಿ ಸ್ಟಿಕರ್ ಟೇಪಿಗೆ ಹೋಗಬೇಡಿ. ನಮ್ಮ ಊರುಗಳಲ್ಲಿ ಟ್ರ್ಯಾಕ್ಟರ್ ಟ್ರೇಲರಿನ ಹಿಂದೆ ದೇವರ ಹೆಸರು, ಹೂಬಳ್ಳಿ ಬರೆಯುವ ಪೇಂಟರುಗಳು ಇನ್ನೂ ಇದ್ದಾರೆ. ಒಂದು ಹಳೆಯ ಸೈಕಲ್ಲಿನ ಫೋಟೋ ತೋರಿಸಿದರೆ ಬೆರಳನ್ನೇ ಅಳತೆಪಟ್ಟಿ ಮಾಡಿಕೊಂಡು ಗೆರೆ ಎಳೆಯುತ್ತಾರೆ. ಅಲ್ಲಲ್ಲಿ ಕೈ ನಡುಗಿದ್ದು ಕಂಡರೂ ಅಂದ. ಮೂಲ ಗೆರೆಗಳೂ ಕೈಯಲ್ಲೇ ಎಳೆದವು. ಗೆರೆ, ಹೆಸರು ಆದ ಮೇಲೆ ತೆಳ್ಳಗೆ ಒಂದು ಕೈ ವಾರ್ನಿಶ್.

ಗುಂಡು, ಗಾಲಿ, ಬ್ರೇಕು

ಹಿಂಗಾಲಿಗೂ ಪೆಡಲಿನ ಗೂಡಿಗೂ ಕಾಲು ಇಂಚಿನ ಗುಂಡುಗಳು, ಹಿಂಗಾಲಿಗೆ ಬದಿಗೆ 9, ಗೂಡಿಗೆ ಬದಿಗೆ 11. ಮುಂಗಾಲಿಗೆ 3/16 ಇಂಚಿನವು, ಬದಿಗೆ 10. ಹಳೆಯ ಗುಂಡಿನ ಜೊತೆ ಹೊಸದು ಬೆರೆಸಬಾರದು. ಕೂದಲೆಳೆಯಷ್ಟು ಹೆಚ್ಚು ದಪ್ಪವಿರುವ ಹೊಸ ಗುಂಡೇ ಭಾರವೆಲ್ಲ ಹೊರುತ್ತದೆ, ಬೇರಿಂಗಿನ ಕಪ್ಪು ಕೆಡುತ್ತದೆ. ಗುಂಡು ಅಗ್ಗ, ಪೂರಾ ಬದಲಾಯಿಸಿ. ಹಳೆಯ ಇಂಗ್ಲಿಷ್ ಹಬ್ಬುಗಳ ನಡುವೆ ಸ್ಪ್ರಿಂಗಿನ ಪಟ್ಟಿ ಮುಚ್ಚಿದ ಸಣ್ಣ ತೂತಿರುತ್ತದೆ. ಎಣ್ಣೆ ಬಿಡಲೆಂದು ಇಟ್ಟದ್ದು ಅದು. ಅದರ ಮೇಲೂ ಬಣ್ಣ ಬಳಿದು ಮುಚ್ಚಿದ ಸೈಕಲ್ಲುಗಳಿವೆ.

ಚೈನಿನ 24 ಕೊಂಡಿ ಅಳೆದರೆ ಸರಿಯಾಗಿ 12 ಇಂಚು ಬರಬೇಕು. 12⅛ ದಾಟಿದ್ದರೆ ಬದಲಾಯಿಸಿ.

ರಾಡಿನ ಬ್ರೇಕಿನ ಸೈಕಲ್ಲಿನಲ್ಲಿ ಗಾಲಿಯ ಔಟ್ ತೆಗೆಯುವಾಗ ಒಂದು ವ್ಯತ್ಯಾಸವಿದೆ. ಈಗಿನ ಬ್ರೇಕು ರಿಮ್ಮಿನ ಎರಡು ಪಕ್ಕ ಒತ್ತುತ್ತದೆ, ರಾಡಿನ ಬ್ರೇಕು ರಿಮ್ಮಿನ ಒಳಮೈಯನ್ನು ಹೊರಕ್ಕೆ ಒತ್ತುತ್ತದೆ. ಆದ್ದರಿಂದ ಗಾಲಿ ಎಡಬಲಕ್ಕೆ ಸ್ವಲ್ಪ ಅಲ್ಲಾಡಿದರೆ ನಡೆದೀತು. ಮೇಲೆಕೆಳಗೆ ಕುಣಿದರೆ ಬ್ರೇಕು ಒಂದು ಕಡೆ ಕಚ್ಚಿ ಇನ್ನೊಂದು ಕಡೆ ಬಿಡುತ್ತದೆ. ಮುಂದಿನ ಗಾಲಿಗೆ 32, ಹಿಂದಿನದಕ್ಕೆ 40 ಕಡ್ಡಿ ಹಾಕುವ ಬ್ರಿಟಿಷ್ ಲೆಕ್ಕ ದೇಶಿ ಸೈಕಲ್ಲಿಗೂ ಬಂದಿದೆ. ಎಷ್ಟೇ ಚೆನ್ನಾಗಿ ಕೂರಿಸಿದರೂ ಮಳೆಯಲ್ಲಿ ರಾಡಿನ ಬ್ರೇಕು ನಂಬಿಕೆಗೆ ಅರ್ಹವಲ್ಲ. ಮೋಟಾರುಗಳ ರಸ್ತೆಗೆ ಇಳಿಯುವವರು ಇದನ್ನು ಮರೆಯಬಾರದು.

ಸೀಟಿಗೆ ಅಥಣಿಯ ತೊಗಲು

ಹಳೆಯ ಸೈಕಲ್ಲಿನ ದುಬಾರಿ ಭಾಗ ಹೆಚ್ಚಾಗಿ ಸೀಟೇ. ಬ್ರೂಕ್ಸ್ ಕಂಪನಿಯ ಹೆಸರು ಒತ್ತಿದ ಇಂಗ್ಲಿಷ್ ಚರ್ಮದ ಸೀಟು ಇದ್ದರೆ ಎಷ್ಟೇ ಒಣಗಿದ್ದರೂ ಎಸೆಯಬೇಡಿ. ಒದ್ದೆ ಅರಿವೆಯಿಂದ ಒರೆಸಿ, ನೆರಳಲ್ಲಿ ಆರಿಸಿ, ಚರ್ಮದ ಎಣ್ಣೆಯನ್ನು ಅಡಿಯ ಮೈಗೆ ಸ್ವಲ್ಪ ಸ್ವಲ್ಪವೇ ದಿನಬಿಟ್ಟು ದಿನ ಹಚ್ಚಿ. ಒಮ್ಮೆಗೇ ಸುರಿದರೆ ಚರ್ಮ ಮೆತ್ತಗಾಗಿ ತೊಟ್ಟಿಲಂತೆ ಜೋಲುತ್ತದೆ. ಮೂಗಿನ ಕೆಳಗಿನ ಬಿಗಿಯುವ ಬೋಲ್ಟನ್ನು ಚರ್ಮ ಒಣಗಿರುವಾಗ ತಿರುಗಿಸಿದರೆ ರಿವೆಟ್ಟಿನ ಬಳಿ ಹರಿಯುತ್ತದೆ.

ಹರಿದೇ ಹೋಗಿದ್ದರೆ? ಕಬ್ಬಿಣದ ಚೌಕಟ್ಟು, ಸ್ಪ್ರಿಂಗು ಉಳಿಸಿಕೊಂಡು ಮೇಲಿನ ಚರ್ಮ ಮಾತ್ರ ಹೊಸದಾಗಿ ಮಾಡಿಸಬಹುದು. ಅದಕ್ಕೆ ಬೇಕಾದ ದಪ್ಪ, ಗಿಡದ ತೊಗಟೆಯಲ್ಲಿ ಹದಮಾಡಿದ ತೊಗಲು ಅಥಣಿ, ನಿಪ್ಪಾಣಿ ಕಡೆಯ ಚಪ್ಪಲಿ ಕುಶಲಿಗರ ನಿತ್ಯದ ಸಾಮಗ್ರಿ. 2019ರಲ್ಲಿ ಭೌಗೋಳಿಕ ಸೂಚಕದ (ಜಿ.ಐ.) ಮಾನ್ಯತೆ ಪಡೆದ ಕೊಲ್ಹಾಪುರಿ ಚಪ್ಪಲಿಯ ಪಟ್ಟಿಯಲ್ಲಿ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ಬೆಳಗಾವಿ, ಬಾಗಲಕೋಟೆ, ವಿಜಯಪುರ, ಧಾರವಾಡವೂ ಇವೆ. ಜಾಲಿ ತೊಗಟೆ, ಅಳಲೆಕಾಯಿಯಲ್ಲಿ ಹದಗೊಂಡ ಈ ಚರ್ಮ ಒದ್ದೆಯಾದಾಗ ಅಚ್ಚಿಗೆ ಒಗ್ಗಿ, ಒಣಗಿದಾಗ ಆ ಆಕಾರವನ್ನೇ ಹಿಡಿದಿಡುತ್ತದೆ. ಹಳೆಯ ಸೀಟಿನ ಆಕಾರಕ್ಕೆ ಮರದ ಅಚ್ಚೊಂದನ್ನು ಬಡಿಗರಿಂದ ಮಾಡಿಸಿಕೊಟ್ಟರೆ ಉಳಿದದ್ದು ಅವರ ಕೈಗೆ ಕಷ್ಟವಲ್ಲ. ಕ್ರೋಮಿಯಂ ಹದದ ಮೆತ್ತನೆ ಚರ್ಮ, ರೆಕ್ಸಿನ್ನು ಇದಕ್ಕೆ ಆಗಿಬರುವುದಿಲ್ಲ.

ಬಿಡಿಸಾಮಾನು ಮತ್ತು ಕೊಳ್ಳುವ ಮಾತು

ದೊಡ್ಡ ಸೈಕಲ್ಲಿನ ತಯಾರಿಕೆ ಭಾರತದಲ್ಲಿ ನಿಂತಿಲ್ಲವಾದ್ದರಿಂದ 28 × 1½ ಟೈರು, ಟ್ಯೂಬು, ಕಾಟರ್ ಪಿನ್ನು, ಬ್ರೇಕಿನ ರಬ್ಬರು, ವಾಲ್‌ಟ್ಯೂಬು ತಾಲ್ಲೂಕು ಊರುಗಳಲ್ಲೂ ಸಿಗುತ್ತವೆ. ಇಂಗ್ಲೆಂಡಿನ ಹವ್ಯಾಸಿಗಳೇ ತಮ್ಮ ಹಳೆಯ ಸೈಕಲ್ಲಿಗೆ ಭಾರತದ ಬಿಡಿಸಾಮಾನು ತರಿಸಿಕೊಳ್ಳುವುದುಂಟು. ಆದರೆ ಈ ಸೌಕರ್ಯ ಶಾಶ್ವತವೆಂದು ನಂಬುವಂತಿಲ್ಲ: ಅಟ್ಲಾಸ್ ತನ್ನ ಸಾಹಿಬಾಬಾದ್ ಕಾರ್ಖಾನೆಯನ್ನು ನಿಲ್ಲಿಸಿದ್ದು 2020ರ ಜೂನ್ 3ರಂದು, ವಿಶ್ವ ಸೈಕಲ್ ದಿನದಂದೇ. ಹಳೆಯ ಹೆಡ್ ಬ್ಯಾಜು, ಲೂಕಸ್ ದೀಪ, ಬೆಲ್ಲು ಬೇಕಾದರೆ ಗುಜರಿ ಅಂಗಡಿಯೇ ಗತಿ. ಜೋಡಿಸಿ ನಿಲ್ಲಿಸಿದ ಮಾದರಿ ಕಣ್ಣಾರೆ ನೋಡಬೇಕೆನ್ನುವವರಿಗೆ ಪುಣೆಯ ಕರ್ವೇನಗರದಲ್ಲಿ 2017ರಿಂದ ವಿಕ್ರಮ್ ಪೆಂಡ್ಸೆ ಅವರ ಸೈಕಲ್ ಸಂಗ್ರಹಾಲಯವಿದೆ.

ಹಳೆಯ ಸೈಕಲ್ಲಿಗೆ ಬೆಲೆ ಬಂದಂತೆ ಮೋಸವೂ ಬಂದಿದೆ. ಮಾಮೂಲು ದೇಶಿ ಫ್ರೇಮಿಗೆ ಕಪ್ಪು ಬಳಿದು ‘ರ್‍ಯಾಲೆ, ಮೇಡ್ ಇನ್ ಇಂಗ್ಲೆಂಡ್’ ಎಂಬ ಸ್ಟಿಕರ್ ಹಚ್ಚಿ ಮಾರುವುದು ಸುಲಭ. ಕೊಳ್ಳುವವರು ಫಳಫಳ ಹೊಳೆಯುವ ಸೈಕಲ್ಲಿನ ಮುಂದೆ ಮೊದಲು ಬಗ್ಗಿ ಪೆಡಲಿನ ಚಕ್ರ ನೋಡಬೇಕು, ಆಮೇಲೆ ಫ್ರೇಮಿನ ನಂಬರು, ಫೋರ್ಕಿನ ತಲೆ, ಹಬ್ಬಿನ ಮೇಲಿನ ಅಕ್ಷರ. ಹಿಂದೆ ಪುರಸಭೆ, ಪಂಚಾಯಿತಿಗಳು ಸೈಕಲ್ಲಿಗೂ ತೆರಿಗೆ ಹಾಕಿ, ಕಟ್ಟಿದವರಿಗೆ ಇಸವಿ ಒತ್ತಿದ ಬಿಲ್ಲೆ ಕೊಡುತ್ತಿದ್ದವು. ಅಂಥದ್ದೊಂದು ಹೆಡ್ಡಿನ ಬಳಿ ಉಳಿದಿದ್ದರೆ ಸೈಕಲ್ಲಿನ ವಯಸ್ಸಿಗೆ ಅದೂ ಒಂದು ಸಾಕ್ಷಿ. ಹುಣಸೆಹಣ್ಣು ಹಾಕಿ ಉಜ್ಜಿ ಅದರ ಅಂಕೆ ಸವೆಸಬೇಡಿ. ಹೊಸ ಬಣ್ಣ ಹೊಡೆದ ಸೈಕಲ್ಲಿಗೆ ಮಾರುವವರು ಹೆಚ್ಚು ದುಡ್ಡು ಕೇಳಿದರೆ, ಬಣ್ಣ ಹೊಡೆಯದ ಇನ್ನೊಂದು ಇದೆಯೇ ಎಂದು ಕೇಳಿ.